ದೀಪದ ಮೇಲಿನ ಕೆಂಪು ಕಾಟು

ತಿಕೋಟಾ
೧೫-೯-೧೯೬೫, ರಾತ್ರಿ ಎರಡೂವರೆ

ಪ್ರೀತಿಯ ಇವರಿಗೆ,

ಒಂದೂವರೆಗೆ ‘ಗೊಳಕ್’ ಎಂಬ ಸಣ್ಣ ಸದ್ದಿಗೆ ನನಗೆ ಎಚ್ಚರವಾಯಿತು. ಅದೇನೆಂದು ಆಮೇಲೆ ಬರೆಯುತ್ತೇನೆ. ಈ ಹೊತ್ತಿನಲ್ಲಿ ನಿಮ್ಮ ತಮ್ಮ ಗುರಲಿಂಗಪ್ಪ ಸೈಕಲ್ ಹೊಡೆದುಕೊಂಡು ಬಂದು ಪ್ರೆಸ್ಸಿನ ಬಾಗಿಲು ಬಡಿದರೆ ನಿಮ್ಮ ಎದೆ ಒಡೆದೀತು, ಅದಕ್ಕೇ ಮೊದಲು ಇದನ್ನು ಓದಿಕೊಳ್ಳಿ: ಮಗಳು ಚೆನ್ನಾಗಿದ್ದಾಳೆ, ನನ್ನ ತೊಡೆಯ ಮೇಲೆಯೇ ಮಲಗಿದ್ದಾಳೆ. ನಾನೂ ಗಟ್ಟಿಯಾಗಿದ್ದೇನೆ. ನಿಮ್ಮ ಕೆಮ್ಮು ಹೇಗಿದೆ? ಮಸಿಯ ವಾಸನೆಯಲ್ಲೇ ಮಲಗಬೇಡಿ, ಸೊಲ್ಲಾಪುರ ರಸ್ತೆಯ ಕಡೆಯ ಕಿಟಕಿ ತೆರೆದಿಡಿ. ಆರಕ್ಕೆ ಮಷೀನು ಶುರುವಾಗುವ ಮೊದಲು ಈ ಕಾಗದ ನಿಮ್ಮ ಕೈ ಸೇರಬೇಕೆಂದು ಅವನನ್ನು ಎಬ್ಬಿಸಿದ್ದೇನೆ. ಪಾಪ, ಅಂಗಿಗೆ ಗುಂಡಿ ಹಾಕಿಕೊಳ್ಳುತ್ತ ಆಕಳಿಸುತ್ತ ಪಕ್ಕದಲ್ಲೇ ನಿಂತಿದ್ದಾನೆ.

ನಿಮಗೆ ನಾನು ಎಷ್ಟು ಋಣಿ ಎಂಬುದು ಈ ರಾತ್ರಿ ತಿಳಿಯಿತು. ಅವ್ವ ಇಲ್ಲದವಳು, ಬಾಣಂತನ ಯಾರು ಮಾಡುತ್ತಾರೆಂದು ನಾನು ಅತ್ತಾಗ ನೀವು, “ಯಾಕ, ನಮ್ಮವ್ವ ಇಲ್ಲೇನು?” ಎಂದು ನನ್ನನ್ನು ಕರೆತಂದು ಅತ್ತೆಯವರ ಮಡಿಲಿಗೆ ಹಾಕಿಬಿಟ್ಟಿರಿ. ಆದರೆ ಆ ಅತ್ತೆಯವರಿಗೆ ನೀವೆಂದರೆ ಎಷ್ಟು ಹೆಮ್ಮೆ ಎಂಬುದು ನಿಮಗೂ ಗೊತ್ತಿರಲಿಕ್ಕಿಲ್ಲ. ಹೇಗಿದೆ ನೋಡೋಣವೆಂದು ನೀವು ಕಳಿಸಿದ, ನಿಮ್ಮ ಚಿತ್ರದ ಸರಕಾರಿ ಭಿತ್ತಿಪತ್ರದ ಮೊದಲ ಹಾಳೆಗಳನ್ನು ನಿನ್ನೆ ಚಾವಡಿಯ ಗೋಡೆಗೆ, ನಮ್ಮ ಬಾಗಿಲಿಗೆ ಎದುರಾಗಿಯೇ ಹಚ್ಚಿದರು. ಕಪ್ಪು ನೆಲ, ನಡುವೆ ಹಳದಿ ದೀಪ, ಅದರ ಮೇಲೆ ಅಡ್ಡಡ್ಡ ಎಳೆದ ಕೆಂಪು ಕಾಟು, ಕೆಳಗೆ ‘ದೀಪ ಆರಿಸಿ’ ಎಂದು ಗೇಣುದ್ದದ ಕೆಂಪು ಅಕ್ಷರ. ಓಡುವ ಬಸ್ಸಿನಿಂದಲೂ ಕಾಣುತ್ತದೆ. ಯುದ್ಧದ ವಿಮಾನಕ್ಕೆ ಊರು ಕಾಣಬಾರದೆಂದರೆ ಹೀಗೆಯೇ ಹೇಳಬೇಕೆಂದು ನನಗೂ ಅನಿಸಿತು. ಪಕ್ಕದ ಮನೆಯ ಹೊಳೆವ್ವ ಮಾತ್ರ ಕೊಡ ಇಳಿಸಿ, “ಯವ್ವಾ, ಯಾರ ಮನಿ ದೀಪಕ್ಕ ಕಾಟ ಹೊಡದಾರ ಬೇ? ಹಿಂತಾದು ಗ್ವಾಡಿಗಿ ಹಚ್ಚತಾರೇನು?” ಎಂದಳು. ಅತ್ತೆಯವರಿಗೆ ಸಿಟ್ಟು ಬಂತು. “ನನ್ನ ಮಗಾ ತಗದ ಚಿತ್ರ ಐತಿ ಅದು. ಅಂವಾ ಬ್ಯಾಡಂದ ಮ್ಯಾಲ ನಮ್ಮ ಮನ್ಯಾಗ ದೀಪ ಇಲ್ಲ, ನೋಡಬೇ” ಎಂದವರೇ, ಹೆರಿಗೆಯಾದಂದಿನಿಂದ ಆರದೆ ಉರಿಯುತ್ತಿದ್ದ ಬಾಣಂತಿ ಕೋಣೆಯ ದೀಪವನ್ನೂ ಸಂಜೆ ಶಾಂತ ಮಾಡಿಬಿಟ್ಟರು. ನಾನು ಬೇಡವೆಂದರೆ, “ನಿನ್ನ ಗಂಡನ ಮಾತ ನೀನ ಮುರೀತಿಯೇನ?” ಎಂದು ನಕ್ಕರು.

ಆ ‘ಗೊಳಕ್’ ಸದ್ದು ನಾನು ಕೇಳಿದ್ದು ಆ ಕತ್ತಲೆಯಲ್ಲಿ. ಆಮೇಲೆ ಮಗುವಿನ ಉಸಿರೇ ಕೇಳಿಸಲಿಲ್ಲ. ಕೈಯಾಡಿಸಿದರೆ ಕೆನ್ನೆ ಒದ್ದೆ. ಬಾಯಿ ಎಲ್ಲಿ, ಮೂಗು ಎಲ್ಲಿ ಗೊತ್ತಾಗದು. ಕಡ್ಡಿಪೆಟ್ಟಿಗೆ ಸಿಗದು. ನಾನು ಕೂಗಿದ್ದಷ್ಟೇ ನೆನಪು. ಮೊನ್ನೆ ಐದನೆಯ ರಾತ್ರಿ, ಹಣೆಬರಹ ಬರೆಯುವ ಸೆಟಿವೆವ್ವನ ಪೂಜೆ ಮುಗಿಸಿ, ಸೂಲಗಿತ್ತಿ ಆ ಪೂಜೆಯ ದೀಪವನ್ನು ಯಾರ ಕಣ್ಣಿಗೂ ಬೀಳದಂತೆ ಸೆರಗಿನ ಮರೆಯಲ್ಲಿ ಒಯ್ದಿದ್ದಳು. ಅತ್ತೆಯವರು ಹಾಗೆಯೇ ಅಡುಗೆಮನೆಯಿಂದ ಚಿಮಣಿ ದೀಪವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಬೊಗಸೆಯಷ್ಟು ಬೆಳಕು, ಅದೂ ಮಗುವಿನ ಮುಖದ ಮೇಲೆ ಮಾತ್ರ. ಮುಖ ನೀಲಿಗಟ್ಟಿತ್ತು, ಮೂಗಿನ ತುಂಬ ಕಕ್ಕಿದ ಹಾಲು. ಅತ್ತೆ ಚಿಮಣಿ ನನ್ನ ಕೈಗೆ ಕೊಟ್ಟು, ಮಗುವನ್ನು ಬೋರಲು ಹಾಕಿ ಬೆನ್ನು ತಟ್ಟಿದರು, ಬಾಯಿ ಹಚ್ಚಿ ಮೂಗು ಹೀರಿದರು. ಆಮೇಲೆ ಅತ್ತಳು ನೋಡಿ ನಿಮ್ಮ ಮಗಳು! ಗಸ್ತಿನ ಮಲಕಾಜಪ್ಪ ಹೊರಗೆ ಬಡಿಗೆ ಕುಟ್ಟಿ, “ಯಾರ್ರೀ ಒಳಗ? ದೀಪ ಹಚ್ಚೀರೇನು?” ಎಂದ. ಅತ್ತೆ ಒಳಗಿನಿಂದಲೇ, “ನಿನಗ ಬೆಳಕ ಕಂಡೈತೇನಲೇ?” “ಇಲ್ಲಬೇ, ಕೂಸು ಅಳೂದು ಕೇಳಿಸ್ತು.” “ಅಳಬಾರದಂತ ಹುಕುಂ ಬಂದಿಲ್ಲಲಾ? ನಡಿ ಮುಂದ!” ಅಳುತ್ತಿದ್ದ ನನಗೂ ನಗು ಬಂತು.

ಈಗ ಅತ್ತೆಯವರು ಚಿಮಣಿಯನ್ನು ಸೆರಗಿನ ಮರೆಯಲ್ಲೇ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಾರೆ, ಮಗುವಿನಿಂದ ಕಣ್ಣು ತೆಗೆದಿಲ್ಲ. ಅವರು ನಿಮ್ಮ ಮೇಲೆ ಒಂದು ಮಾತೂ ಆಡಿಲ್ಲ, ನಾನೂ ಆಡುವುದಿಲ್ಲ. ನಿಮ್ಮ ಚಿತ್ರ ಎಲ್ಲರ ಕಣ್ಣಿಗೂ ಹಿಡಿಯಿತು, ಅದಕ್ಕೇ ಇಷ್ಟಾಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಎಂದು ನೀವೇ ನನಗೆ ಕಲಿಸಿದ್ದೀರಲ್ಲ, ಕಪ್ಪು, ಹಳದಿ ಎರಡೂ ಇದ್ದಂತೆಯೇ ಇರಲಿ. ಕಾಟಿನ ಅಚ್ಚನ್ನು ಎತ್ತಿಟ್ಟು, ಅದೇ ಕೆಂಪಿಗೆ ಒಂದು ಸೆರಗು ಕೊರೆಯಿರಿ, ದೀಪವನ್ನು ಮೂರು ಕಡೆಯಿಂದ ಮುಚ್ಚಿರಲಿ. ಕೆಳಗೆ ‘ದೀಪ ಮರೆಮಾಡಿ’ ಎಂದರೆ ಸಾಕು. ಸೆರಗಿನ ಮರೆಯ ದೀಪ ಯಾವ ಹೆಂಗಸಿಗೆ ಗೊತ್ತಿಲ್ಲ?

ಅತ್ತೆಯವರ ಆಶೀರ್ವಾದ, ಮಗಳ ಪುಟ್ಟ ಮುಷ್ಟಿಯ ನಮಸ್ಕಾರ. ಇಂಥ ತಾಯಿಯನ್ನು ನನಗೂ ತಾಯಿಯಾಗಿ ಕೊಟ್ಟಿರಿ, ಈ ಉಪಕಾರ ಮರೆಯಲಾರೆ.

ನಿಮ್ಮ
ನೀಲಗಂಗಾ

ತಾ.ಕ.: ಅಚ್ಚಾದ ಹಾಳೆಗಳ ಮೊದಲ ಗಂಟು ಬಬಲೇಶ್ವರಕ್ಕೆ ಹೋಗುತ್ತದೆಂದು ಗುರಲಿಂಗಪ್ಪ ಈಗಷ್ಟೇ ಹೇಳಿದ. ನನ್ನ ತಂಗಿ ಸಕ್ರವ್ವ ಅಲ್ಲಿ ಹಡೆದು ಇನ್ನೂ ಮೂರು ದಿನ. ಅವಳ ಅತ್ತೆ ಸರಕಾರದ ಕಾಗದವೆಂದರೆ ಕೈಮುಗಿಯುವವರು. ರಾತ್ರಿ ಅವಳ ಹತ್ತಿರ ಮಲಗುವ ಮುದುಕಿಗೆ ಕಿವಿ ಕೇಳುವುದಿಲ್ಲ. ಸರಕಾರದ ಸಾಹೇಬರು ಒಪ್ಪಿದ ಚಿತ್ರವನ್ನು ನೀವಾಗಿಯೇ ಬದಲಿಸುವಂತಿಲ್ಲ, ಬಲ್ಲೆ. ಅವರು ಏಳುವುದು ಎಂಟಕ್ಕಂತೆ, ಅಷ್ಟರಲ್ಲಿ ಗಂಟು ಬಸ್ಸಿನ ಮೇಲೆ ಇರುತ್ತದೆ. ಪ್ರೆಸ್ಸಿನ ಫೋನಿನಿಂದ ಅವರ ಮನೆಗೆ ಫೋನ್ ಮಾಡಿ. ಬೈದರೆ ಬೈಸಿಕೊಳ್ಳಿ. ಎತ್ತದಿದ್ದರೆ ಮತ್ತೆ ಮಾಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಫೋನ್ ಮಾಡಿ.