ಕಾಯುವ ಗೋಡೆಗೆ ಟೈಲ್ಸ್

ಎಂಜಿನಿಯರ್ ಸಾಹೇಬರಿಗೆ,

ಆಸ್ಪತ್ರೆಯ ಕಸ ಗುಡಿಸಿ ನೆಲ ಒರೆಸುವವಳ ನಮಸ್ಕಾರ. ಡಯಾಲಿಸಿಸ್ ಕೋಣೆಯ ಹೊರಗೆ ಜನ ಕಾಯುವ ಕಡೆ ಗೋಡೆಗೆ ಏನು ಹಾಕಿದರೆ ಬಾಳಿಕೆ ಬರುತ್ತದೆ ಎಂದು ನನ್ನನ್ನೂ ಕೇಳಿದಿರಿ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ನೀವೊಬ್ಬರೇ.

ಬಣ್ಣ ಬೇಡ, ಉಜ್ಜಿದರೆ ಬಟ್ಟೆಗೇ ಬರುತ್ತದೆ. ಪ್ಲೈವುಡ್ಡೂ ಬೇಡ, ನೀರು ಕುಡಿದು ಉಬ್ಬುತ್ತದೆ. ಕೂತವರ ತಲೆಗಿಂತ ಒಂದು ಗೇಣು ಮೇಲಿನವರೆಗೆ ಟೈಲ್ಸ್ ಹಾಕಿಸಿ. ಒಂದು ಸಲ ಒರೆಸಿದರೆ ಸಾಕು, ಯಾರ ಗುರುತೂ ಉಳಿಯುವುದಿಲ್ಲ.

ಕಿಟಕಿಯಿಂದ ಮೂರನೇ ಕುರ್ಚಿಯ ಹಿಂದೆ ಎಣ್ಣೆ ಕಲೆಯೊಂದಿದೆ. "ಅದೊಂದನ್ನ ಯಾಕೆ ಬಿಟ್ಟಿದ್ದೀಯ, ಕಣ್ಣು ಕಾಣಲ್ವಾ?" ಎಂದು ಸೂಪರ್‌ವೈಸರ್ ದಿನಾ ಬೈಯುತ್ತಾರೆ. ಕಾಣುತ್ತದೆ. ನನ್ನ ಮಗಳು ವಾರಕ್ಕೆರಡು ದಿನ, ಕೊನೆಯ ವಾರದವರೆಗೂ, ಅಲ್ಲೇ ತಲೆಯೊರಗಿಸಿ ಸರದಿ ಕಾಯುತ್ತಿದ್ದಳು. ಎಣ್ಣೆ ಹಚ್ಚಿ ಜಡೆ ಹಾಕಿ ಕೂರಿಸುತ್ತಿದ್ದವಳು ನಾನೇ. "ಅಮ್ಮಾ, ಗೋಡೆ ಕೊಳೆಯಾಗತ್ತೆ, ಆಮೇಲೆ ಉಜ್ಜೋಳು ನೀನೇ" ಎಂದು ನಗುತ್ತಿದ್ದಳು.

ಅಷ್ಟು ಜಾಗ ಬಿಡಿ ಎಂದು ಕೇಳುವುದಿಲ್ಲ. ನಾಳೆ ಇನ್ನೊಬ್ಬರ ಮಕ್ಕಳು ಒರಗುವ ಗೋಡೆ ಅದು. ಅಲ್ಲಿ ಟೈಲ್ಸ್ ಕೂರಿಸುವ ದಿನ ಯಾವುದೆಂದು ಮಾತ್ರ ಮೊದಲೇ ತಿಳಿಸಿ. ಅವತ್ತು ನನಗೆ ರಜೆ ಬೇಕು.

ನೀವು ಕೇಳಿದಿರೆಂದು ಬರೆದ,
ಕೆಳಮಹಡಿಯ ಗುಡಿಸುವವಳು