ರೇಡಿಯೋದಲ್ಲಿ ಬೇಡಿದ ಆಶೀರ್ವಾದ

ಗಫಾನ್ಯಾ ದ ನಜರೆ,
೨೮ ಆಗಸ್ಟ್ ೧೯೬೬, ಭಾನುವಾರ

ಪ್ರೀತಿಯ ತಮ್ಮ ಅರ್ಮಿಂದೊಗೆ,

ನಿನ್ನ ಅಕ್ಕ ಅಲ್ಬೆರ್ತೀನಾಳ ಆಶೀರ್ವಾದ. ನೀನೂ ನಿನ್ನ ಭಾವನೂ ಹಡಗಿನ ಉಳಿದವರೂ ದೇವರ ದಯೆಯಿಂದ ಚೆನ್ನಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಜುಲೈ ಪೂರ್ತಿ ಅಕ್ಕನಿಂದ ಒಂದು ಸಾಲೂ ಬರಲಿಲ್ಲ ಎಂದು ನೀನು ಬೈದುಕೊಂಡಿರಬೇಕು. ಕೈ ನೋವಿತ್ತು ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ಮೀನು ಒಣಗಿಸುವ ಹೆಂಗಸರಿಗೆ ಕೈ ನೋವು ಇಲ್ಲದ ದಿನವೇ ಇಲ್ಲ, ಯಾರೂ ಅನುಮಾನ ಪಡುವುದಿಲ್ಲ. ಆದರೆ ನಿನಗೆ ಸುಳ್ಳು ಹೇಳುವಷ್ಟು ಸುಳ್ಳು ನನ್ನಲ್ಲಿ ಈಗ ಉಳಿದಿಲ್ಲ. ಇದ್ದದ್ದನ್ನೆಲ್ಲ ಬೇರೆ ಕಡೆ ಖರ್ಚು ಮಾಡಿದ್ದೇನೆ.

ನಿನ್ನ ಹೆಂಡತಿ ಒದೆತೆ ಗಟ್ಟಿಮುಟ್ಟಾಗಿದ್ದಾಳೆ. ಮಗುವಿಗೆ ಕೆಳಗಡೆ ಎರಡು ಹಲ್ಲು ಬಂದಿವೆ. ಜೋಳದ ರೊಟ್ಟಿಯ ತುದಿ ಕೈಗೆ ಕೊಟ್ಟರೆ ಅರ್ಧ ಗಂಟೆ ಚೀಪಿ, ಆಮೇಲೆ ಬೆಕ್ಕಿನ ಕಡೆ ಎಸೆಯುತ್ತಾಳೆ. ಒದೆತೆಗೆ ಸಿಟ್ಟು ಬಂದರೆ ಮಗಳು ಥೇಟ್ ನಿನ್ನ ಹಾಗೆ ಎನ್ನುತ್ತಾಳೆ, ಸಿಟ್ಟು ಇಳಿದರೆ ತನ್ನ ತವರಿನವರ ಹಾಗೆ ಎನ್ನುತ್ತಾಳೆ. ಈ ಸಲ ಆಲೂಗಡ್ಡೆ ಚೆನ್ನಾಗಿ ಬಂದಿದೆ. ಪಾದ್ರಿಗಳಿಗೆ ಮಂಡಿ ಊತ, ಭಾನುವಾರದ ಉಪದೇಶ ಚಿಕ್ಕದಾಗಿದೆ, ಊರಿನವರಿಗೆ ಸಂತೋಷವಾಗಿದೆ.

ಈಗ ಒಂದು ಕೆಲಸ ಮಾಡು. ನಿನ್ನ ಭಾವ ಪಕ್ಕದಲ್ಲಿದ್ದರೆ, ಇದು ಒದೆತೆ ಬರೆಸಿದ್ದು, ಗಂಡ ಹೆಂಡತಿಯ ಮಾತು ಎಂದು ಹೇಳಿ ನಿನ್ನ ಅಡುಗೆಯ ಒಲೆಯ ಹತ್ತಿರ ಎದ್ದು ಹೋಗು. ಅವರಿಗೆಂದು ಬರೆದ ಹಾಳೆ ಬೇರೆ ಇದೆ, ಮಡಿಸಿ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಯಾವಾಗಲೂ ಓದಿ ಹೇಳುವ ಹಾಗೆ ಅದನ್ನು ಅವರಿಗೆ ಓದಿ ಹೇಳು. ಇದನ್ನು ಓದಿ ಮುಗಿಸಿದ ಮೇಲೆ ಒಲೆಗೆ ಹಾಕು.

ನನ್ನ ಮಗ ವಲ್ದೆಮಾರ್ ಇನ್ನಿಲ್ಲ, ಅರ್ಮಿಂದೊ. ಜುಲೈ ಎರಡನೆಯ ವಾರದಲ್ಲಿ ಆಫ್ರಿಕಾದ ಯುದ್ಧದಲ್ಲಿ, ಗಿನಿಯ ಕಾಡಿನಲ್ಲಿ ಹೋಗಿಬಿಟ್ಟ.

ಗಿನಿಗೆ ಯಾವಾಗ ಹೋದ ಎಂದು ನೀನು ಕೇಳುತ್ತೀಯ. ಸೈನ್ಯದವರು ಅವನನ್ನು ಆಫ್ರಿಕಾಕ್ಕೆ ಕಳಿಸಲಿಲ್ಲ, ಪೋರ್ತೋದ ಬ್ಯಾರಕಿನಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯಲು ಹಾಕಿದ್ದಾರೆ ಎಂದು ಮೇ ತಿಂಗಳಲ್ಲಿ ಬರೆದಿದ್ದೆನಲ್ಲ, ಅದು ನಾನು ಕಟ್ಟಿದ್ದು. ನೀನು ಅದನ್ನು ಓದಿ ಹೇಳಿದಾಗ ಭಾವ ನಕ್ಕರು, ಎರಡು ತುತ್ತು ಜಾಸ್ತಿ ತಿಂದರು ಎಂದು ನೀನೇ ಬರೆದಿದ್ದೆ. ಆ ಎರಡು ತುತ್ತಿಗಾಗಿಯೇ ಬರೆದದ್ದು. ಅಷ್ಟರಲ್ಲಿ ಹುಡುಗ ಲಿಸ್ಬನ್ನಿನಲ್ಲಿ ಹಡಗು ಹತ್ತಿ ಆಗಿತ್ತು.

ತಂತಿ ಬಂದಾಗ ನಾನು ಮೀನಿನ ಅಟ್ಟಣೆಯ ಹತ್ತಿರ ಇದ್ದೆ. ಬಿಸಿಲು ಜೋರಾಗುವ ಮೊದಲು ಮೀನು ಮಗುಚಿ ಹಾಕಬೇಕಿತ್ತು. ಅಂಚೆಯವನ ಜೊತೆ ಪಾದ್ರಿಗಳೂ ಕುಂಟುತ್ತಾ ಬರುತ್ತಿದ್ದುದನ್ನು ನೋಡಿ ಸಾಲಿನ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಎಲ್ಲರ ಮನೆಯಲ್ಲೂ ಯಾರಾದರೊಬ್ಬರು ಸಮುದ್ರದಲ್ಲೋ ಆಫ್ರಿಕಾದಲ್ಲೋ ಇದ್ದಾರೆ. ಪಾದ್ರಿಗಳು ನನ್ನ ಮುಂದೆ ನಿಂತಾಗ ಉಳಿದವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಬೇರೆ ದಿನಗಳಲ್ಲಿ ನಾನೂ ಹಾಗೆಯೇ ಉಸಿರು ಬಿಟ್ಟಿದ್ದೇನೆ. ಅವನನ್ನು ಅಲ್ಲೇ ಮಣ್ಣು ಮಾಡಿದ್ದಾರಂತೆ. ನನಗೆ ಕೊಟ್ಟದ್ದು ಒಂದು ಕಾಗದದ ತುಂಡು, ಅದರಲ್ಲಿ ಅವನ ಹೆಸರು ಸರಿಯಾಗಿ ಬರೆದಿದ್ದರು, ಅಷ್ಟೇ.

ಆರು ವರ್ಷ ಬಿಡದೆ ದೂರದ ಸಮುದ್ರಕ್ಕೆ ಬಕಲ್ಯಾವು ಮೀನು ಹಿಡಿಯಲು ಹೋದವನು ಸೈನ್ಯ ಸೇರಲೇಬೇಕೆಂದಿಲ್ಲ. ವಲ್ದೆಮಾರ್ ಮೂರು ಮುಗಿಸಿದ್ದ. ಇನ್ನು ಮೂರು ಮಾಡಿದ್ದರೆ ಈ ಊರಿನಲ್ಲೇ ಮುದುಕನಾಗುತ್ತಿದ್ದ. ಹೋದದ್ದಕ್ಕೂ ಹಿಂದಿನ ಕ್ರಿಸ್‌ಮಸ್ ರಾತ್ರಿಯ ಊಟಕ್ಕೆ ನೀನು ಬಂದಿರಲಿಲ್ಲ, ಒದೆತೆಯ ತವರಿನಲ್ಲಿದ್ದೆ. ಅವತ್ತು ಮೀನು, ಸೊಪ್ಪು ಬೇಯಿಸಿ ಮೇಜಿನ ಮೇಲಿಟ್ಟು ಎಣ್ಣೆ ಸುರಿಯುತ್ತಿದ್ದೆ. ಅವನು ತಟ್ಟೆ ಮುಟ್ಟದೆ ಹೇಳಿದ:

“ಅಪ್ಪ, ಈ ಸಲ ನಾನು ಬರಲ್ಲ.”

“ಜ್ವರಾನಾ?” ಎಂದರು ನಿನ್ನ ಭಾವ.

“ಜ್ವರ ಅಲ್ಲ. ಹಡಗಿಂದ ಆ ಒಂಟಿ ದೋಣಿಗೆ ಇನ್ನು ಇಳಿಯಲ್ಲ. ಮಂಜು ಮುಚ್ಕೊಂಡಾಗ ಒಬ್ಬನೇ ಕೂತು ಶಂಖ ಊದ್ತೀನಲ್ಲ, ಯಾರೂ ಓಗೊಡಲ್ಲ. ಯುದ್ಧದಲ್ಲಾದ್ರೆ ಪಕ್ಕದಲ್ಲಿ ಒಬ್ಬ ಇರ್ತಾನೆ.”

“ಪಕ್ಕದಲ್ಲಿರೋನೂ ಸಾಯ್ತಾನೆ. ಅಷ್ಟೇ ವ್ಯತ್ಯಾಸ.”

“ಸಾಯ್ಲಿ. ಇಬ್ರೂ ಇರ್ತೀವಲ್ಲ.”

ಆಗ ಭಾವ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿ, “ಹೋಗು ಹಾಗಾದ್ರೆ. ಅಲ್ಲಿ ಸಿಗೋ ಅಪ್ಪನ ಹತ್ರ ಆಶೀರ್ವಾದ ಕೇಳ್ಕೋ, ನನ್ನ ಹತ್ರ ಬರಬೇಡ” ಎಂದರು. ಸಿಟ್ಟಿನ ಮಾತು. ಬೆಳಗಾದರೆ ಮರೆತುಬಿಡುವಂಥದ್ದು. ಆದರೆ ನಮ್ಮ ಹುಡುಗ ಮರೆಯುವ ಪೈಕಿಯಲ್ಲ, ಅದು ನಿನಗೂ ಗೊತ್ತು. ಮನೆಯಿಂದ ಹೊರಡುವಾಗ, ಮಲಗುವಾಗ ಅಪ್ಪ ಅಮ್ಮನ ಆಶೀರ್ವಾದ ಕೇಳದ ಮಕ್ಕಳು ನಮ್ಮ ಬೀದಿಯಲ್ಲಿಲ್ಲ. ಅವನು ಅವತ್ತಿನಿಂದ ನನ್ನೊಬ್ಬಳನ್ನೇ ಕೇಳುತ್ತಿದ್ದ. ಸಮವಸ್ತ್ರ ತೊಟ್ಟು ರಜೆಯಲ್ಲಿ ಬಂದಾಗಲೂ ಬಾಗಿಲಲ್ಲೇ ನಿಂತು “ಅಮ್ಮ, ಆಶೀರ್ವಾದ” ಎಂದ. ಅಪ್ಪನ ಕಡೆ ತಿರುಗಿ ಟೋಪಿ ತೆಗೆದ, ಅಷ್ಟೇ. ಭಾವ ಬಲೆಯ ದಾರ ಹೊಸೆಯುತ್ತಲೇ ಇದ್ದರು. ಆ ಒಂದು ಮಾತಿಗಾಗಿ ಕಾಯುತ್ತಿದ್ದಾರೆ ಎಂದು ಅವರ ಬೆನ್ನು ನೋಡಿದರೇ ನನಗೆ ತಿಳಿಯುತ್ತಿತ್ತು. ಇಬ್ಬರಿಗೂ ಹೇಳಿ ಹೇಳಿ ನನಗೆ ಸಾಕಾಯಿತು. ಏಪ್ರಿಲ್‌ನಲ್ಲಿ ನಿಮ್ಮ ಹಡಗು ಹೊರಟಾಗ ಮಗ ಬ್ಯಾರಕಿನಿಂದ ಬರಲಿಲ್ಲ. ಅಪ್ಪ ಬಂದರಿನ ಕಟ್ಟೆಯ ಮೇಲೆ ಎಲ್ಲರೂ ಹತ್ತುವವರೆಗೂ ನಿಂತು, ಕೊನೆಯವರಾಗಿ ಹತ್ತಿದರು.

ಇನ್ನು ನಾನು ಯಾಕೆ ಮುಚ್ಚಿಡುತ್ತಿದ್ದೇನೆ ಎನ್ನುವುದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಮ್ಮ ಹೋದ ಸುದ್ದಿ ಕಾಗದದಲ್ಲಿ ತಲುಪಿದ ಮಾರನೆಯ ದಿನವೇ ನಮ್ಮ ಅಪ್ಪನ ದೋಣಿ ಹಿಂದಿರುಗಲಿಲ್ಲ. ಗಾಳಿ ಇರಲಿಲ್ಲ, ಮಂಜೂ ಇರಲಿಲ್ಲ ಎಂದು ಬಂದವರು ಹೇಳಿದರು. ದೋಣಿಯಲ್ಲಿ ಒಬ್ಬನೇ ಇರುವ ಗಂಡಸಿಗೆ ದುಃಖದ ಸುದ್ದಿ ಕೊಡುವುದೂ ಒಂದೇ, ದೋಣಿಯ ತಳಕ್ಕೆ ತೂತು ಕೊರೆಯುವುದೂ ಒಂದೇ. ಮಗನನ್ನು ಕಳೆದುಕೊಂಡೆ, ಗಂಡನನ್ನಾದರೂ ಹಡಗು ಹಿಂದಿರುಗುವ ಅಕ್ಟೋಬರ್‌ವರೆಗೆ ಉಳಿಸಿಕೊಳ್ಳಬೇಕು. ಈಗ ನನ್ನ ತಲೆಯಲ್ಲಿ ಬೇರೆ ಏನೂ ಇಲ್ಲ.

ನಿಮ್ಮ ಹಡಗಿನವರ ಹೆಂಡಂದಿರ ಮನೆಗೆಲ್ಲ ಹೋಗಿ, ಯಾರೂ ಗಂಡಂದಿರಿಗೆ ಈ ವಿಷಯ ಬರೆಯಬೇಡಿ ಎಂದು ಕೇಳಿಕೊಂಡೆ. ಎಲ್ಲರೂ ಅತ್ತು ಒಪ್ಪಿದರು. ಪಕ್ಕದ ಮನೆ ಗ್ರಾಸಿಂದಾ ಮಾತ್ರ ಅಳಲಿಲ್ಲ.

“ನಾನು ಬರೆಯಲ್ಲ ಬಿಡು. ಆದ್ರೆ ಅಕ್ಟೋಬರಲ್ಲಿ ಏನ್ಮಾಡ್ತೀಯೆ? ಕಟ್ಟೆ ಮೇಲೆ ಕರೀ ಬಟ್ಟೇಲಿ ನಿಂತ್ಕೋತೀಯೋ, ಹೂವಿನ ಶಾಲು ಹೊದ್ಕೊಂಡು ಕುಣೀತೀಯೋ?”

“ಅಕ್ಟೋಬರ್ ಬರ್ಲಿ, ಆಮೇಲೆ ಹೇಳ್ತೀನಿ” ಎಂದೆ.

“ನಿನ್ನಂಥ ಗಟ್ಟಿಗಿತ್ತೀನ ನೋಡಿಲ್ಲಮ್ಮ” ಎಂದಳು. ಅದು ಹೊಗಳಿಕೆಯಲ್ಲ. ಆದರೂ ಅವತ್ತು ಸಂಜೆ ನನಗೆ ಸಾರು ತಂದು ಕೊಟ್ಟವಳು ಅವಳೇ.

ಇನ್ನು ರೇಡಿಯೋದ ವಿಷಯ. ಪ್ರತಿ ವರ್ಷದ ಹಾಗೆ ಆಗಸ್ಟ್ ಮೊದಲಲ್ಲಿ ರೇಡಿಯೋದವರು ಮೈಕು ಹೊತ್ತು ಬಂದರು. ಮೀನುಗಾರರ ಭವನದಲ್ಲಿ ಸಾಲಾಗಿ ಕೂರಿಸಿ, ಸಮುದ್ರದಲ್ಲಿರುವವರಿಗೆ ಒಬ್ಬೊಬ್ಬರಿಂದ ಎರಡೆರಡು ಮಾತು ಹೇಳಿಸಿಕೊಂಡರು. ನಾನು ಪ್ರತಿ ವರ್ಷ ಹೇಳುವವಳು. ಈ ಸಲ ನನ್ನ ದನಿ ಬಾರದಿದ್ದರೆ ನಿನ್ನ ಭಾವ ಏನೆಂದುಕೊಳ್ಳುತ್ತಾರೆ? ಅದಕ್ಕೇ ಹೋದೆ. ಗ್ರಾಸಿಂದಾಳ ಮಗ ಜೆಫೆರೀನೊ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋದ. ಅವನ ಒಂದು ಕಾಲು ಗಿಡ್ಡ, ಹಡಗಿಗೂ ಬೇಡದವನು, ಸೈನ್ಯಕ್ಕೂ ಬೇಡದವನು. ಅವನೂ ವಲ್ದೆಮಾರನೂ ಒಂದೇ ವರ್ಷ ಹುಟ್ಟಿ, ಒಂದೇ ಬೆಂಚಿನಲ್ಲಿ ಕೂತು, ಒಂದೇ ಮೇಷ್ಟರಿಂದ ಏಟು ತಿಂದವರು.

ರೇಡಿಯೋದ ಮನುಷ್ಯ ಶಿಸ್ತಿನವನು. “ನೋಡಿ ಅಮ್ಮಂದಿರಾ, ಅಲ್ಲಿ ಗಂಡಸರು ದುಡೀತಿದಾರೆ. ಒಳ್ಳೆ ಸುದ್ದಿ ಮಾತ್ರ ಹೇಳಿ. ಅಳೋದಿದ್ರೆ ಹೊರಗಡೆ ಅತ್ತು ಮುಗಿಸ್ಕೊಂಡು ಬನ್ನಿ” ಎಂದ. ನನ್ನ ಕಪ್ಪು ಬಟ್ಟೆ ನೋಡಿ ಯಾರು ತೀರಿಕೊಂಡದ್ದು ಎಂದು ಕೇಳಿದ. ಅತ್ತೆ ಎಂದೆ. ನಿನ್ನ ಭಾವನ ತಾಯಿ ತೀರಿಹೋಗಿ ಯಾವ ಕಾಲವಾಯಿತೋ, ಪಾಪ, ನನಗಾಗಿ ಇನ್ನೊಮ್ಮೆ ಸತ್ತರು.

ಮೈಕಿನ ಮುಂದೆ ಕೂತು, “ಬೆಲ್ಮೀರೊ, ನಾನು ಅಲ್ಬೆರ್ತೀನಾ, ನಾವೆಲ್ಲ ಚೆನ್ನಾಗಿದೀವಿ” ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಹೋದ ವರ್ಷ ಹಾಗೇ ನಿಲ್ಲಿಸಿದ್ದೆ. ಈ ಸಲ ನಾಲಿಗೆ ನಿಲ್ಲಲಿಲ್ಲ: “ವಲ್ದೆಮಾರ್ ರಜೆ ಮೇಲೆ ಬಂದಿದಾನೆ, ಇಲ್ಲೇ ಪಕ್ಕದಲ್ಲಿದಾನೆ.” ಯಾಕೆ ಹಾಗೆ ಹೇಳಿದೆ ಎಂದು ಕೇಳಬೇಡ. ಹೇಳುವಾಗ ಅವನು ಪಕ್ಕದಲ್ಲಿದ್ದ ಹಾಗೇ ಇತ್ತು. ರೇಡಿಯೋದವನಿಗೆ ಖುಷಿಯಾಯಿತು. ನನ್ನ ಕುರ್ಚಿಯ ಹಿಂದೆ ನಿಂತಿದ್ದ ಜೆಫೆರೀನೊನ ತೋಳು ಹಿಡಿದು ಎಳೆದು, “ಬಾರಪ್ಪ ಮಗನೇ, ನಿಮ್ಮಪ್ಪನಿಗೊಂದು ಮಾತು ಹೇಳು” ಎಂದ. ಹುಡುಗ ನನ್ನ ಮುಖ ನೋಡಿದ. ನಾನು ಬೇಡ ಎನ್ನಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ಹೇಳಿದ:

“ಅಪ್ಪಾ, ನಾನು ವಲ್ದೆಮಾರ್. ಚೆನ್ನಾಗಿದೀನಿ. ನಿಮ್ಮ ಆಶೀರ್ವಾದ ಮಾಡಿ ಅಪ್ಪಾ.”

ಅವನಿಗೆ ನಮ್ಮ ಮನೆಯ ಜಗಳ ಗೊತ್ತಿಲ್ಲ. ಯಾವ ಮಗನಾದರೂ ಹೇಳುವುದನ್ನೇ ಹೇಳಿದ. ಹೊರಗೆ ಬಂದ ಮೇಲೆ ಗೋಡೆಗೆ ಒರಗಿ ಕೂತ. “ಅತ್ತೆ, ನಂಗೆ ಪಾಪ ಸುತ್ಕೊಳುತ್ತಾ?” ಎಂದು ಕೇಳಿದ. ಸುತ್ತಿಕೊಂಡರೆ ನನಗೆ, ನಿನಗಲ್ಲ ಎಂದೆ. ಕಾರ್ಯಕ್ರಮ ಬಂದ ದಿನ ಅಂಗಡಿಯ ರೇಡಿಯೋ ಮುಂದೆ ಎಲ್ಲರೂ ಸೇರಿದ್ದರು. ಆ ದನಿ ಬಂದಾಗ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಆದರೆ ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಬಗೆಯ ನೆಮ್ಮದಿಯಾಯಿತು. ಬದುಕಿದ್ದಾಗ ಇವರಿಬ್ಬರ ನಡುವೆ ನಾನು ಮಾಡಿಸಲಾಗದ ರಾಜಿಯನ್ನು ಹೀಗಾದರೂ ಮಾಡಿಸಿದೆನಲ್ಲ ಎನಿಸಿತು. ಅಲ್ಲಿ ಹಡಗಿನಲ್ಲಿ ಕೂತು ಅವರು ಅದನ್ನು ಕೇಳಿ, ಗಡ್ಡ ಕೆರೆದುಕೊಂಡು, ಯಾರಿಗೂ ಕಾಣದ ಹಾಗೆ ಶಿಲುಬೆಯ ಗುರುತು ಮಾಡಿ “ದೇವರು ಒಳ್ಳೇದು ಮಾಡ್ಲಿ” ಎಂದಿರಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ.

ಆದ್ದರಿಂದ ನೀನು ಏನೂ ಬಾಯಿ ಬಿಡಬೇಡ. ನೀನು ಅಳುವುದಿದ್ದರೆ ಈರುಳ್ಳಿ ಹೆಚ್ಚುವಾಗ ಅಳು. ಅಡುಗೆಯವನಿಗೆ ಅದೊಂದು ಅನುಕೂಲ ಇದೆ. ವಲ್ದೆಮಾರ್ ನಿನ್ನ ತೊಡೆಯ ಮೇಲೆ ಬೆಳೆದವನು. ನಿನಗೆ ಒಬ್ಬನಿಗೇ ಇದನ್ನು ಹೊರಿಸುತ್ತಿರುವುದಕ್ಕೆ ಕ್ಷಮಿಸು, ಇನ್ನೊಬ್ಬರು ಇಲ್ಲ.

ನಿನ್ನ ಹೆಂಡತಿ ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ಮಾತೆ ಮರಿಯಳು ನಿಮ್ಮ ದೋಣಿಗಳ ಮೇಲೆ ಕಣ್ಣಿಟ್ಟಿರಲಿ, ನಿನ್ನ ಒಲೆ ಆರದಿರಲಿ, ಹೋದವರೆಲ್ಲ ಎಣಿಕೆ ತಪ್ಪದೆ ಮನೆಗೆ ಬನ್ನಿ.

ನಿನ್ನ ಅಕ್ಕ,
ಅಲ್ಬೆರ್ತೀನಾ

ತಾ.ಕ. ಮಂಗಳವಾರ. ಲಕೋಟೆ ಅಂಟಿಸಿ ಇಟ್ಟಿದ್ದೆ, ನಿಮಗೆ ಕಾಗದ ಹೊತ್ತು ತರುವ ಆಸ್ಪತ್ರೆ ಹಡಗಿಗೆ ಹೋಗುವ ಅಂಚೆ ನಾಳೆ ಕಟ್ಟುತ್ತಾರೆ. ಇವತ್ತು ಮಧ್ಯಾಹ್ನ, ನೀನು ಅಲ್ಲಿನ ಸೇಂಟ್ ಜಾನ್ಸ್ ಬಂದರಿನಲ್ಲಿ ಹಾಕಿದ ಕಾಗದ ಬಂತು. ಅದಕ್ಕೇ ಲಕೋಟೆಯನ್ನು ಮತ್ತೆ ಹರಿದು ತೆರೆದೆ.

ರೇಡಿಯೋದಲ್ಲಿ ಗರಗರ ಸದ್ದು ಜಾಸ್ತಿ ಇತ್ತು, ಆದರೂ ಸೋದರಳಿಯನ ದನಿ ಕೇಳಿ ನನಗೆ ಬಹಳ ಖುಷಿಯಾಯಿತು ಎಂದು ಬರೆದಿದ್ದೀಯ. ಭಾವ ಮಾತ್ರ ಎದ್ದು ಮೇಲೆ ಹೋದರು, ಮಾರನೆಯ ದಿನ ಕರೆದು ಒಂದು ಮಾತು ಬರೆಸಿದರು, ಯಾಕೋ ನನಗೆ ಅದರ ತಲೆಬುಡ ತಿಳಿಯಲಿಲ್ಲ, ಹೇಳಿದ ಹಾಗೇ ಬರೆದಿದ್ದೇನೆ ಎಂದಿದ್ದೀಯ. ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ: “ಅಲ್ಬೆರ್ತೀನಾ, ಅವತ್ತು ಮಾತಾಡಿದ ಹುಡುಗ ಯಾರ ಮಗನಾದ್ರೂ ಆಗ್ಲಿ, ದೇವರು ಅವನಿಗೆ ಒಳ್ಳೇದು ಮಾಡ್ಲಿ ಅಂತ ಹೇಳು. ನನ್ನ ಮಗ ಆಗಿದ್ರೆ ಕೇಳ್ತಿರ್ಲಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.”

ಮಗ ಇಲ್ಲ ಎಂದು ಅವರಿಗೆ ಗೊತ್ತಾಗಿದೆ, ತಮ್ಮ. ಅವತ್ತೇ ಗೊತ್ತಾಗಿದೆ. ನಾನೇ, ನನ್ನ ಬಾಯಿಂದಲೇ, ಮೈಕು ಹಿಡಿದು ಹೇಳಿದ ಹಾಗಾಯಿತು. ಗೊತ್ತಿದ್ದುಕೊಂಡೇ ದಿನಾ ಬೆಳಗ್ಗೆ ಆ ದೋಣಿಯಲ್ಲಿ ಒಬ್ಬರೇ ಇಳಿಯುತ್ತಿದ್ದಾರೆ, ನನಗೊಬ್ಬಳಿಗೇ ತಿಳಿಯುವ ಹಾಗೆ ಹೇಳಿ ಕಳಿಸಿ, ನನ್ನ ಸುಳ್ಳು ಒಡೆಯಬಾರದು ಎಂದು ನಿನ್ನ ಹತ್ತಿರವೂ ತುಟಿ ಬಿಚ್ಚಿಲ್ಲ.

ಅವರಿಗೆ ಬರೆದ ಹಾಳೆಯನ್ನು ನಾನು ತೆಗೆದುಹಾಕಿಲ್ಲ. ಒಂದು ಸಾಲೂ ಬಿಡದೆ ಓದಿ ಹೇಳು. ವಲ್ದೆಮಾರನಿಗೆ ಬ್ಯಾರಕಿನ ಊಟ ಹಿಡಿಸಿದೆ, ಸ್ವಲ್ಪ ದಪ್ಪಗಾಗಿದ್ದಾನೆ ಎಂದು ಅದರಲ್ಲಿದೆ. ಅಲ್ಲಿಗೆ ಬಂದಾಗ ನಿನ್ನ ದನಿ ನಡುಗದಿರಲಿ. ಅವರು ಕೇಳಿಸಿಕೊಂಡು ತಲೆಯಾಡಿಸುತ್ತಾರೆ.