ಬಾಗಿಲಲ್ಲಿ ಬಿದ್ದ ಮಾತು

ಕೊಟ್ಟೂರು
ಬುಧವಾರ, ೧೨ ಜೂನ್ ೨೦೦೨

ಪ್ರೀತಿಯ ಪ್ರವೀಣಣ್ಣಾ,

ನಮ್ಮ ಅಮೃತಾ ಪಾಸಾದಳು, ಪಾಸಾದಳು, ಪಾಸಾದಳು! ಬರೀ ಪಾಸಲ್ಲ, ಅವಳ ಕಾನ್ವೆಂಟಿನಲ್ಲಿ ಇಟಾಲಿಯನ್ ಕಲಿತ ಹುಡುಗಿಯರಲ್ಲೆಲ್ಲ ನನ್ನ ನಾದಿನಿಯೇ ಮೊದಲು. ದೊಡ್ಡ ಸಿಸ್ಟರ್ ಇವತ್ತು ಬೆಳಿಗ್ಗೆ ತಾವೇ ಆಟೋ ಮಾಡಿಕೊಂಡು ಮನೆಗೆ ಬಂದು ಹೇಳಿದರು. ಇಟಲಿಯಲ್ಲಿ ಅವರದೇ ಶಾಲೆ ಇದೆಯಂತೆ, ಮೊದಲು ಬಂದವಳಿಗೆ ಅಲ್ಲಿ ಎರಡು ವರ್ಷ ಓದು ಎಂದು ಪರೀಕ್ಷೆಗೆ ಮೊದಲೇ ಹೇಳಿದ್ದರು. ಊಟ, ಹಾಸ್ಟೆಲ್, ವಿಮಾನ ಎಲ್ಲ ಅವರದೇ. ಆಗಸ್ಟ್ ಕೊನೆಗೆ ಹೊರಡಬೇಕು. ನನಗೆ ಕುಣಿಯಬೇಕು ಅನ್ನಿಸಿತು, ಅಣ್ಣಾ. ಕುಣಿಯಲಿಲ್ಲ. ಯಾಕೆ ಎಂದು ಹೇಳುತ್ತೇನೆ, ಮೊದಲು ನಿನ್ನ ಸುದ್ದಿ ಹೇಳು.

ಹೇಗಿದ್ದೀಯ? ಖಾನಾವಳಿ ಊಟಕ್ಕೆ ನಿನ್ನ ಎದೆಯುರಿ ಮತ್ತೆ ಶುರುವಾಗಿದೆ ಎಂದು ಅಮ್ಮ ಹೇಳಿದಳು. ಊರೂರು ತಿರುಗಿ ಡಾಕ್ಟರುಗಳಿಗೆಲ್ಲ ಮಾತ್ರೆ ತೋರಿಸುವ ಮೆಡಿಕಲ್ ರೆಪ್ ನೀನು, ಆ ಬ್ಯಾಗಿನಲ್ಲಿ ನಿನಗೇ ಒಂದು ಮಾತ್ರೆ ಇಲ್ಲವಾ? ಮೊಸರನ್ನ ತಿನ್ನು. ಮಳೆಯಲ್ಲಿ ಬೈಕ್ ಓಡಿಸಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ, ಇಷ್ಟು ಚೆನ್ನಾಗಿರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ನಿನ್ನ ಭಾವ ದಿನಾ ಸಂಜೆ ಜವಳಿ ಅಂಗಡಿಯಿಂದ ಬರುವಾಗ ನನಗೊಬ್ಬಳಿಗೇ ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಾರೆ, ಅಂಗಿಯೊಳಗೆ ಬಚ್ಚಿಟ್ಟುಕೊಂಡು! ಎಣ್ಣೆ ಕಲೆ ನೋಡಿ ಅತ್ತೆಗೆ ಎಲ್ಲ ಗೊತ್ತಾಗುತ್ತದೆ. "ಗವಿಸಿದ್ದೇಶಾ, ಅಂಗಿ ಯಾರು ಒಗೀಬೇಕಲೇ?" ಎಂದಷ್ಟೇ ಕೇಳುತ್ತಾರೆ. ನನ್ನನ್ನು ನಿನ್ನ ಭಾವ 'ಇಂಗ್ಲಿಷ್ ಮೇಡಂ' ಎಂದು ಕರೆಯುತ್ತಾರೆ. ನನ್ನ ಕನ್ನಡ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗುತ್ತಾರೆ. ನೀನು ನಗಬೇಡ, ಓದು. ಫೋನ್ ಅಂಗಡಿಯಲ್ಲಿ ಮಾವನವರ ಪಕ್ಕದಲ್ಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಟಾಲಿಯನ್‌ನಲ್ಲಿ ನನಗೆ ಒಂದಕ್ಷರವೂ ಬರುವುದಿಲ್ಲ. ಆದರೂ ಅಮೃತಾಗೆ ಪಾಠ ಹೇಳಿಸಿದ್ದು ನಾನೇ, ಗೊತ್ತಾ? ಮದುವೆಯಾಗಿ ಬಂದ ಎರಡನೇ ವಾರವೇ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. "ಅತ್ತಿಗಿ, ಈ ಕಡೆ ಇಂಗ್ಲಿಷ್ ಐತಿ, ನೀವು ಅದನ್ನ ಹೇಳ್ರಿ, ನಾ ಆ ಕಡೀದು ಹೇಳ್ತೀನಿ" ಅಂದಳು. ಅಲ್ಲಿಂದ ಶುರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ, ಇವಳು ಹಿಟ್ಟು ನಾದುತ್ತ ಬಾಯಿಪಾಠ. ಅವರಲ್ಲಿ ಒಂದೊಂದು ಕ್ರಿಯೆಗೆ ಆರು ರೂಪ. ಮಾತಾಡುವುದಕ್ಕೆ ಪಾರ್ಲೊ, ಪಾರ್ಲಿ, ಪಾರ್ಲಾ, ಪಾರ್ಲ್ಯಾಮೊ, ಪಾರ್ಲಾತೆ, ಪಾರ್ಲನೊ. ಎಷ್ಟು ಸಲ ಹೇಳಿದರೂ ಒಂದು ಮರೆಯುತ್ತಿದ್ದಳು. ಒಂದು ದಿನ ಅತ್ತೆಗೆ ಬೇಸರ ಬಂದು, "ಏ, ನನ್ನ ಕೈ ನೋಡ್ಕೊಂಡು ಹೇಳ, ಬಡಿತಕ್ಕ ಒಂದು" ಅಂದರು. ಅಷ್ಟೇ! ಆಮೇಲೆ ಮರೆತದ್ದೇ ಇಲ್ಲ. ಒಂದು ಬಡಿತಕ್ಕೆ ಒಂದು ಮಾತು, ಆರು ಬಡಿತ, ಒಂದು ಕ್ಷಣ ಬಿಡುವು, ಮತ್ತೆ ಆರು. ಪರೀಕ್ಷೆ ಹತ್ತಿರ ಬಂದಾಗ ಮನೆಯಲ್ಲಿ ತಿನ್ನುವವರಿಗಿಂತ ರೊಟ್ಟಿ ಜಾಸ್ತಿಯಾಗಿ ಪಕ್ಕದ ಮನೆಯ ನೀಲಗಂಗಮ್ಮನವರಿಗೆಲ್ಲ ಹಂಚಿದೆವು. ಮಾವನವರೂ ಒಂದು ಮಾತು ಕಲಿತರು, 'ಬಸ್ತಾ'. ಸಾಕು ಅಂತ ಅದರರ್ಥ. ಅನ್ನ ಬಡಿಸುವಾಗ ತಟ್ಟೆಗೆ ಕೈ ಅಡ್ಡ ಹಿಡಿದು "ಬಸ್ತಾ, ಬಸ್ತಾ" ಅಂದರೆ ಅಮೃತಾಗೆ ನಗು ತಡೆಯಲಾಗುತ್ತಿರಲಿಲ್ಲ. ಅಷ್ಟು ಸಂತೋಷ ಇತ್ತಣ್ಣಾ ಈ ಮನೆಯಲ್ಲಿ, ಹತ್ತು ದಿನದ ಹಿಂದಿನವರೆಗೂ.

ಹತ್ತು ದಿನದ ಹಿಂದೆ ಅಪ್ಪಾಜಿ ಹರಪನಹಳ್ಳಿಯಿಂದ ಬಂದರು. ನನ್ನನ್ನು ನೋಡಲು ಬಂದರೆಂದು ನಾನು ಓಡಿಹೋಗಿ ಶಾವಿಗೆ ಪಾಯಸ ಮಾಡಿದೆ. ಅವರು ಬಂದದ್ದು ಅಮೃತಾಳನ್ನು ಕೇಳಲು. ನಿನಗೆ.

ನಿನಗೆ ನೆನಪಿದೆಯಾ? ನನ್ನನ್ನು ಮನೆ ತುಂಬಿಸಿಕೊಂಡ ದಿನ, ಇವಳು ಎರಡೂ ಕೈ ಅಗಲಿಸಿ ಬಾಗಿಲು ತಡೆದು ನಿಂತಿದ್ದಳು. ಪದ್ಧತಿ ಅದು, ಮದುಮಗನ ತಂಗಿ ತಡೆಯಬೇಕು, ನಮಗೆ ಹುಟ್ಟುವ ಮಗಳನ್ನು ಅವಳ ಮಗನಿಗೆ ಕೊಡುತ್ತೇವೆಂದು ನಾವು ಮಾತು ಕೊಡಬೇಕು. "ಹೆಣ್ಣು ಕೊಡ್ತೀವಿ ಅನ್ರಿ, ಬಾಗಿಲ ಬಿಡ್ತೀನಿ" ಎಂದು ಹಟ ಹಿಡಿದಳು. ಮದುಮಕ್ಕಳು ನಾವಿಬ್ಬರೂ ನಾಚಿ ತಲೆ ತಗ್ಗಿಸಿದೆವು. ನೀನು ನನ್ನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಹಿಂದೆ ನಿಂತಿದ್ದೆ. "ಇವರಿಗೆ ಮಗಳು ಹುಟ್ಟಿ ದೊಡ್ಡಾಕಿ ಆಗೋತನ ಈ ಟ್ರಂಕ್ ಹೊತ್ತು ನಿಂದ್ರಾಕ ಆಗಂಗಿಲ್ಲವ್ವಾ! ನೀನ ನಮ್ಮನಿಗೆ ಬಂದುಬಿಡು, ಕೊಡೋದೂ ತರೋದೂ ಎರಡೂ ಮುಗೀತೈತಿ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಮಾವನವರ ಚಿಕ್ಕಪ್ಪ ಪಾಲಾಕ್ಷಪ್ಪಜ್ಜ ಮಾತ್ರ ನಗಲಿಲ್ಲವಂತೆ. "ಹೆಣ್ಣಿನ ಅಣ್ಣ, ಗಂಡಿನ ತಂಗಿ, ಕಾಲು ಒಳಗ ಇಡೋ ಗಳಿಗಿ. ಬಾಗಿಲಾಗ ಬಿದ್ದ ಮಾತು ಸುಳ್ಳಾಗಬಾರದು" ಎಂದು ಅವತ್ತೇ ಮಾವನವರಿಗೆ ಹೇಳಿದ್ದರಂತೆ. ನಾವೆಲ್ಲ ಆ ತಮಾಷೆ ಮರೆತು ಪಾರ್ಲೊ ಪಾರ್ಲಿ ಅನ್ನುತ್ತಿದ್ದಾಗ ಹಿರಿಯರು ಕೂತು ಅದನ್ನು ಮಾತುಕತೆ ಮಾಡಿಬಿಟ್ಟಿದ್ದಾರೆ. ಲಗ್ನ ಅವಳಿಗೆ ಹದಿನೆಂಟು ತುಂಬಿದ ಮೇಲೆ. ನಿಶ್ಚಯದ ಉಡಿ ತುಂಬುವುದು ಈಗಲೇ, ಕಾರಹುಣ್ಣಿಮೆಯ ದಿನ, ಬರುವ ಇಪ್ಪತ್ತನಾಲ್ಕಕ್ಕೆ.

ಉಡಿ ತುಂಬಿದ ಹುಡುಗಿ ಇನ್ನು ಗಂಡಿನ ಮನೆಯವಳು, ಅವಳನ್ನು ಪರದೇಶಕ್ಕೆ ಹೇಗೆ ಕಳಿಸುವುದು? ಹೀಗೆ ಕೇಳಿದ್ದು ಮಾವನವರಲ್ಲ, ನಮ್ಮ ಅಪ್ಪಾಜಿ! ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿಸಿ ಊರೆಲ್ಲ ಹೇಳಿಕೊಂಡು ತಿರುಗಿದ ಅದೇ ಅಪ್ಪಾಜಿ. ಅಮೃತಾ ನೀರಿನ ತಂಬಿಗೆ ಹಿಡಿದುಕೊಂಡೇ ಬಾಗಿಲ ಹತ್ತಿರ ನಿಂತಿದ್ದಳು. ಅಪ್ಪಾಜಿ ಹೋದ ಮೇಲೆ ಮಾವನವರ ಮುಂದೆ ಕೂತು, ಅಳದೆ, ಒಂದೊಂದಾಗಿ ಹೇಳಿದಳು. ಪರೀಕ್ಷೆ ಹೇಗಾಗಿದೆ, ಅಲ್ಲಿ ಏನು ಓದುತ್ತಾಳೆ, ತಿರುಗಿ ಬಂದು ಏನು ಮಾಡುತ್ತಾಳೆ. ಎಷ್ಟು ಚೆನ್ನಾಗಿ ಹೇಳಿದಳು ಗೊತ್ತಾ! ಮಾವನವರು ಎಲ್ಲ ಕೇಳಿಸಿಕೊಂಡರು. ಆಮೇಲೆ ತಟ್ಟೆಗೆ ಅಡ್ಡ ಹಿಡಿಯುವ ಹಾಗೇ ಕೈ ಅಡ್ಡ ಹಿಡಿದು "ಬಸ್ತಾ" ಅಂದರು. ಸಿಟ್ಟಿನಿಂದ ಅಲ್ಲ. ಮಗಳ ಭಾಷೆಯಲ್ಲೇ ಹೇಳಿದರೆ ಅವಳಿಗೆ ನೋವು ಕಡಿಮೆಯಾಗುತ್ತದೆ ಅಂದುಕೊಂಡರೋ ಏನೋ. ಅವಳು ಎದ್ದು ಹೋದಳು. ಅವತ್ತಿನಿಂದ ಅವಳ ಬಾಯಲ್ಲಿ ಒಂದೇ ಒಂದು ಇಟಾಲಿಯನ್ ಮಾತು ಬಂದಿಲ್ಲ.

ಇಂಥ ಮನೆಗೆ ದೊಡ್ಡ ಸಿಸ್ಟರ್ ಇವತ್ತು ನಗುನಗುತ್ತ ಬಂದರು, ಪಾಪ. ಅತ್ತೆ ಚಹಾ ಕೊಟ್ಟರು. ಮಾವನವರು ಕೈ ಮುಗಿದು, "ಉಡಿ ತುಂಬೋದು ಐತ್ರಿ, ಸಿಸ್ಟರ್. ಇನ್ನ ಆಕಿ ನಮ್ಮ ಕೈಯಾಗ ಇಲ್ರಿ" ಅಂದರು. ಹಾಗಾದರೆ ಯಾರ ಕೈಯಲ್ಲಿದ್ದಾಳೆ ಎಂದು ಅವರು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಸಿಸ್ಟರ್ ಅಮೃತಾಳ ಗಲ್ಲ ಹಿಡಿದು ಅವರ ಭಾಷೆಯಲ್ಲಿ ಏನೋ ಕೇಳಿದರು. ಅವಳು ಕನ್ನಡದಲ್ಲೇ "ಗೊತ್ತಿಲ್ರಿ" ಅಂದಳು. ಚಹಾ ಪೂರ್ತಿ ಕುಡಿಯದೆ ಹೋದರು ಅವರು. ಈ ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳದಿದ್ದರೆ ಆ ಜಾಗ ಎರಡನೆಯವಳಿಗಂತೆ.

ರಾತ್ರಿ ಅಡುಗೆಗೆ ಅತ್ತೆ ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲೇ ಇದ್ದೆ. ಅಮೃತಾ ಹಿಟ್ಟು ನಾದುತ್ತಿದ್ದಳು. ಬಾಯಿಪಾಠ ಇರಲಿಲ್ಲ. ಆದರೆ ಅತ್ತೆಯ ಕೈ ಆರು ಬಡಿತವಾಗುತ್ತಲೇ ತಾನಾಗಿಯೇ ನಿಲ್ಲುತ್ತಿತ್ತು, ಮತ್ತೆ ಆರು, ಮತ್ತೆ ನಿಲ್ಲುತ್ತಿತ್ತು. ಅವರಿಗೂ ಗೊತ್ತಾಯಿತು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು "ಹೊಗಿ" ಅಂದರು. ಒಲೆಯಲ್ಲಿ ಹೊಗೆ ಇರಲಿಲ್ಲ, ನಮ್ಮದು ಗ್ಯಾಸು.

ನಿನ್ನ ಭಾವನನ್ನೂ ಕೇಳಿದೆ. ನನ್ನ ಮಾತಿಗೆ ಇಲ್ಲ ಎಂದೇ ಅನ್ನದ ಮನುಷ್ಯ ಗೋಡೆ ಕಡೆ ತಿರುಗಿ "ನನ್ನ ಕೈಯಾಗ ಏನೈತಿ ಹೇಳು" ಅಂದರು. ಇವತ್ತು ಮೆಣಸಿನಕಾಯಿ ತರಲಿಲ್ಲ. ಅಮೃತಾಳೂ ನಿನ್ನನ್ನು ಬೈಯುವುದಿಲ್ಲ. "ನಿಮ್ಮಣ್ಣ ಭಾಳ ಛಲೋ ಮನಷ್ಯಾರು ಅದಾರ, ಅತ್ತಿಗಿ. ಆದ್ರ ನಾ ಈಗ ಯಾರನ್ನೂ ಒಲ್ಲೆ" ಅನ್ನುತ್ತಾಳೆ. ನೀನು ಒಪ್ಪಿದ್ದೀಯ ಎಂದು ಅಪ್ಪಾಜಿ ಹೇಳಿದರು. ಸುಳ್ಳು ಅನ್ನು, ಪ್ಲೀಸ್. ಅವಳು ಚೆಂದ ಇದ್ದಾಳೆ, ನಗಿಸಿದರೆ ನಗುತ್ತಾಳೆ, ನಿನಗೆ ಇಷ್ಟವಾಗಿದ್ದರೆ ನಿನ್ನದೇನೂ ತಪ್ಪಿಲ್ಲ. ಅದೇ ನನಗೆ ಭಯ. ತಮಾಷೆಗೆ ಅಂದ ಮಾತನ್ನು ಅಂದವನೇ ಹಿಂದಕ್ಕೆ ತಗೊಳ್ಳಬೇಕು, ಬೇರೆ ಯಾರು ತಗೊಂಡರೂ ಅದು ಇಲ್ಲಿ ನಡೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಎದೆಯುರಿಗೆ ಮಾತ್ರೆ ಮರೆಯಬೇಡ. ನಿನ್ನ ಭಾವ ನಮಸ್ಕಾರ ಹೇಳಿದ್ದಾರೆ, ಅಂದರೆ ದಿನಾ ಹೇಳುತ್ತಿದ್ದರು, ಇವತ್ತು ಹೇಳಲಿಲ್ಲ, ನಾನೇ ಅವರ ಪರವಾಗಿ ಬರೆಯುತ್ತಿದ್ದೇನೆ.

ನಿನ್ನ ಬೆನ್ನಿಗೆ ಬಿದ್ದ
ಭಾಗ್ಯ

ಮರೆತಿದ್ದೆ, ಅವಸರದಲ್ಲಿ ಬರೆಯುತ್ತಿದ್ದೇನೆ: ಕಾರ್ಯಕ್ಕೆ ಅಣ್ಣನನ್ನು ತಂಗಿಯೇ ಹೋಗಿ ಕುಂಕುಮ ಹಚ್ಚಿ ಕರೆಯಬೇಕಲ್ಲ, ಹೋಗಿ ಬರಲಾ ಎಂದು ಅತ್ತೆಯನ್ನು ಕೇಳಿದೆ. ನನ್ನ ಮನಸ್ಸಿನಲ್ಲೇನಿದೆ ಎಂದು ಅವರಿಗೆ ಗೊತ್ತಾಗಿಹೋಯಿತು. "ಹೋಗಿ ಬಾ. ನಿಮ್ಮಣ್ಣ ಹೂಂ ಅಂದ್ರ ಅವನ ಕೂಡ ಬಾ. ಇಲ್ಲ ಅಂದ್ರ ನಿಮ್ಮ ಮಾವ ನಿನ್ನ ಒಳಗ ಕರಕೊಳ್ಳಂಗಿಲ್ಲ, ನಾ ಏನು ಹೇಳ್ಲಿ" ಅಂದರು. ಆಷಾಢಕ್ಕೆ ಮದುಮಗಳು ಹೇಗೂ ತವರಿಗೆ ಹೋಗುತ್ತಾಳೆ, ಇಪ್ಪತ್ತು ದಿನ ಮೊದಲೇ ಹೋದಳು ಎಂದರೆ ಓಣಿಯಲ್ಲಿ ಯಾರೂ ಕೇಳುವುದಿಲ್ಲ. ಶ್ರಾವಣಕ್ಕೆ ಕರೆಯಲು ಯಾರೂ ಬರದಿದ್ದಾಗ ಕೇಳುತ್ತಾರೇನೋ. ಅತ್ತೆಯೇ ಕೂತು ನನ್ನ ಮದುವೆ ಸೀರೆಗಳನ್ನೆಲ್ಲ ಮಡಚಿ ತುಂಬಿದರು, ಒಂದೂ ಬಿಡಲಿಲ್ಲ. ಆದರೂ ನೀನು ಇಲ್ಲ ಅನ್ನು, ಅಣ್ಣಾ. ನನ್ನ ಮುಖ ನೋಡದೆ, ನಿನ್ನೂರಿನ ಸ್ಟೇಷನ್ನಿನಲ್ಲೇ ಅಂದುಬಿಡು. ಪ್ಲಾಟ್‌ಫಾರ್ಮಿನ ಒಳಗೇ ಬಾ, ಅವತ್ತು ನೀನು ಹೊತ್ತು ತಂದ ಅದೇ ಟ್ರಂಕು, ನನ್ನೊಬ್ಬಳಿಂದ ಎತ್ತಲಾಗುವುದಿಲ್ಲ. ಹೊಸಪೇಟೆಯಲ್ಲಿ ಹತ್ತುತ್ತೇನೆ. ಬರುವ ವಾರ ಶುಕ್ರವಾರ, ಇಪ್ಪತ್ತೊಂದನೇ ತಾರೀಖು, ಹಂಪಿ ಎಕ್ಸ್‌ಪ್ರೆಸ್.